ಪುಸ್ತಕದಲ್ಲಿ ಇಲ್ಲದವನು

ಪಿಳ್ಳಮ್ಮನ ಹಿತ್ತಲಿನಿಂದ ರಸ್ತೆ ದಾಟಿ ಓಡಿಬಂದು ಭಾನು ಕಂಟ್ರೋಲ್ ರೂಮಿನ ಹೊಸ್ತಿಲಿಗೆ ಕಾಲಿಡುವುದಕ್ಕೂ ಫೋನು ನಿಂತುಹೋಗುವುದಕ್ಕೂ ಸರಿಹೋಯಿತು. ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರೆ ಬರೀ ಡಯಲ್ ಟೋನು. ವಿದ್ಯುತ್ ಇಲಾಖೆಯ ಹಳೆಯ ಕಪ್ಪು ಫೋನು ಅದು. ಯಾರು ಮಾಡಿದ್ದರು, ಎಲ್ಲಿಂದ ಮಾಡಿದ್ದರು ಎಂದು ತೋರಿಸುವ ಕಿಟಕಿ ಅದಕ್ಕಿರಲಿಲ್ಲ. ಗೋಡೆಯ ಗಡಿಯಾರ ಹನ್ನೆರಡಕ್ಕೆ ಹದಿನಾಲ್ಕು ನಿಮಿಷ ಎನ್ನುತ್ತಿತ್ತು. ಹೋಗುವಾಗ ಹನ್ನೆರಡಕ್ಕೆ ಇಪ್ಪತ್ತೊಂದು. ಏಳು ನಿಮಿಷ. ಆ ಏಳು ನಿಮಿಷದಲ್ಲಿ ಒಂದು ಸಲ ಬಂದಿತ್ತೋ, ನಾಲ್ಕು ಸಲ ಬಂದಿತ್ತೋ. ಸಬ್‌ಸ್ಟೇಷನ್ ಕಟ್ಟಿಸಿದವರು ಹೆಂಗಸೊಬ್ಬಳು ಇಲ್ಲಿ ಎಂಟು ಗಂಟೆ ಹೊತ್ತು ಕೂರುವಳೆಂದು ಅಂದುಕೊಂಡಿರಲಿಲ್ಲ. ಕಕ್ಕಸು ಕಟ್ಟಿಸಿರಲಿಲ್ಲ, ಗಂಡಸರಿಗೆ ಟ್ರಾನ್ಸ್‌ಫಾರ್ಮರಿನ ಹಿಂದಿನ ಗೋಡೆ ಸಾಕಾಗಿತ್ತು. ಅವಳು ಬೆಳಗ್ಗೆ ಆರಕ್ಕೆ ಡ್ಯೂಟಿಗೆ ಕೂತರೆ ಹತ್ತು ಗಂಟೆಯ ತನಕ ನೀರು ಮುಟ್ಟುತ್ತಿರಲಿಲ್ಲ. ಆಮೇಲೆ ಎರಡು ಗುಟುಕು ಕುಡಿದು, ಅದು ಯಾವಾಗ ಏಳಿಸುತ್ತದೋ ಎಂದು ಕಾಯುತ್ತಿದ್ದಳು. ರಸ್ತೆಯಾಚೆಯ ಮನೆಯ ಪಿಳ್ಳಮ್ಮ ಒಳ್ಳೆಯವಳು, ಬೇಡ ಎಂದವಳಲ್ಲ. ಆದರೆ ಪ್ರತಿ ಸಲ "ಬಂದ್ಯಾ ತಾಯಿ, ಬಾ, ಬಕೀಟು ತುಂಬಿಸಿಟ್ಟಿವ್ನಿ" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತವರು ಪೇಪರಿನ ಮೇಲಿಂದ ಕಣ್ಣೆತ್ತುತ್ತಿದ್ದರು.

ಭೈರೇಶನೇ ಇರಬಹುದೇ?

ಆ ಹೆಸರು ಬೆಳಗಿನಿಂದ ಅವಳ ತಲೆ ಬಿಟ್ಟು ಹೋಗಿರಲಿಲ್ಲ. ಎಂಟೂವರೆಗೆ ವೈರ್‌ಮನ್ ವೆಂಕಟೇಶಪ್ಪ ಬಂದು ಜವಳಗಿರಿ ಕಡೆಯ ಲೈನಿಗೆ ಎಲ್‌ಸಿ ಕೇಳಿದ್ದ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ನಾನು ಕಂಬ ಹತ್ತುತ್ತೇನೆ, ನಾನೇ ಇಳಿದು ಹೇಳುವ ತನಕ ಆ ಲೈನಿಗೆ ಕರೆಂಟು ಬಿಡಬೇಡ ಎಂಬ ಒಪ್ಪಂದ. ಅವಳು ಬ್ರೇಕರ್ ಬಿಡಿಸಿ ಲೈನಿನ ಕರೆಂಟು ನಿಲ್ಲಿಸಿ, ಪ್ಯಾನಲ್ಲಿಗೆ ಕೆಂಪು ಹಲಗೆ ತೂಗುಹಾಕಿ, ಎಲ್‌ಸಿ ಪುಸ್ತಕದಲ್ಲಿ ಅವನ ಹೆಸರು, ವೇಳೆ, ಕಂಬದ ನಂಬರು ಬರೆದು ಸಹಿ ಹಾಕಿಸಿಕೊಂಡಿದ್ದಳು. ಕಂಬದ ಮೇಲಿನ ಒಡೆದ ಪಿಂಗಾಣಿ ಇನ್ಸುಲೇಟರೊಂದನ್ನು ಬದಲಾಯಿಸುವ ಕೆಲಸ. ಅವನು ಹೋದ ಹತ್ತು ನಿಮಿಷಕ್ಕೆ ಕಾಂಟ್ರಾಕ್ಟಿನ ಹುಡುಗ ಭೈರೇಶ ಟಿವಿಎಸ್ ಗಾಡಿಯ ಎಂಜಿನ್ ಆರಿಸದೆ ಗೇಟಿನ ಹೊರಗಿನಿಂದಲೇ ಕೂಗಿದ್ದ. "ಭಾನಕ್ಕೋ, ಹೆಂಗೂ ಲೈನ್ ಆಫ್ ಐತಲ್ಲ, ನಾನೂ ಆ ಕಡೆ ನೀಲಗಿರಿ ಕೊಂಬೆ ಒಂದು ಕಡ್ದು ಬತ್ತೀನಿ. ಕಾಡಂಚಿನ ಕಂಬದತ್ರ. ವೆಂಕಟೇಶಪ್ಪಂದ್ರಲ್ಲೇ ಸೇರಿಸ್ಕೋ."

"ಬಂದು ಬರೆಸಿ ಹೋಗೋ. ನಿಂದು ಬೇರೆ ಎಲ್‌ಸಿ ಆಗ್ಬೇಕು."

"ಅಯ್ಯೋ ಬುಕ್ಕಮ್ಮ, ನಾನು ಕಾಂಟ್ರಾಕ್ಟು. ನನ್ನ ಹೆಸ್ರು ಬರೆಯಂಗಿಲ್ಲ, ಸೂಪ್ರವೈಜರು ಬರ್ಬೇಕು, ಅವನು ಹೊಸೂರ್ನಾಗೆ ಮಲಗವ್ನೆ. ಅರ್ಧ ಗಂಟೆ ಕೆಲ್ಸ ಕಣಕ್ಕ. ಮುಗಿದ್ಮೇಲೆ ನಾನೇ ಹೇಳ್ತೀನಿ."

ಬುಕ್ಕಮ್ಮ ಎಂದಾಗ ಅಂಗಡಿ ಕಟ್ಟೆಯ ಮೇಲೆ ಯಾರೋ ನಕ್ಕಿದ್ದರು. ಆ ನಗು ಇರದಿದ್ದರೆ ಅವಳು ಇಲ್ಲ ಎನ್ನುತ್ತಿದ್ದಳೋ ಏನೋ. ಹೋದ ತಿಂಗಳು ಹೀಗೆಯೇ ಒಬ್ಬನನ್ನು ಬರೆಯದೆ ಬಿಡುವುದಿಲ್ಲ ಎಂದು ವಾಪಸು ಕಳಿಸಿದ್ದಕ್ಕೆ, ಆ ಸಂಜೆಯ ಗಾಳಿಗೆ ಕೊಂಬೆ ಬಿದ್ದು ಎಂಟು ಊರು ಕತ್ತಲೆಯಾಗಿತ್ತು. ಎಇ, ಅಂದರೆ ಅಸಿಸ್ಟೆಂಟ್ ಎಂಜಿನಿಯರ್, ವೆಂಕಟಸ್ವಾಮಿ ಎಲ್ಲರೆದುರಿಗೆ, "ಈಯಮ್ಮ ಕಾನೂನು ಓದ್ಕೊಂಡು ಬಂದವ್ರೆ, ಕರೆಂಟು ಓದ್ಕೊಂಡು ಬಂದಿಲ್ಲ" ಎಂದಿದ್ದರು. ಅದೇ ಇರಬೇಕು. ಅಥವಾ ಅದೂ ನೆಪವೇ. ಅವಳು ಬರೆಯಲಿಲ್ಲ. ಕಿಟಕಿಯಿಂದ ಕೈಯೆತ್ತಿ ಹೋಗು ಎಂದಳು. ಕೈಯೆತ್ತುವಾಗ ತಾನೂ ಇವರಲ್ಲೊಬ್ಬಳಾದೆ ಎಂಬ ಸಣ್ಣದೊಂದು ಹಗುರತನ ಮನಸ್ಸಿಗೆ ಬಂದಿದ್ದನ್ನು ಈಗ ನೆನೆದು ಅವಳಿಗೆ ಅಸಹ್ಯವಾಯಿತು. ಅರ್ಧ ಗಂಟೆ ಎಂದವನು. ಹೋಗಿ ಮೂರು ಗಂಟೆಯಾಯಿತು.

ತನ್ನ ಮೊಬೈಲಿನಿಂದ ಅವನ ನಂಬರು ಒತ್ತಿದಳು. ತಮಿಳಿನ ಹೆಣ್ಣುದನಿ, ನಯವಾಗಿ, ತೊಡರ್ಬು ಎಲ್ಲೈಕ್ಕು ವೆಳಿಯೇ ಎಂದಿತು. ಸಂಪರ್ಕದ ಎಲ್ಲೆಯ ಆಚೆ. ಕಾಡಂಚಿನಲ್ಲಿ ಸಿಗ್ನಲ್ ಇರುವುದಿಲ್ಲ, ಅದು ಗೊತ್ತಿದ್ದದ್ದೇ. ಹಾಗಿದ್ದರೆ ಈಗ ಬಂದಿದ್ದ ಫೋನು? ಕೆಲಸ ಮುಗಿಸಿ ಇಳಿದು, ಹತ್ತಿರದ ಊರಿನ ಒಂದು ರೂಪಾಯಿ ಫೋನು ಪೆಟ್ಟಿಗೆಯಿಂದ ಮಾಡಿರಬಹುದು. ಎತ್ತಲಿಲ್ಲವೆಂದು ಹೋಗಿ ಊಟಕ್ಕೆ ಕೂತಿರಬಹುದು. ಇರಬಹುದು, ಇರಬಹುದು. ಸಂಜೆ ಕಾಲೇಜಿನಲ್ಲಿ ಮೂವತ್ತೊಂದು ಗಂಡಸರ ನಡುವೆ ಒಬ್ಬಳೇ ಕೂತು ಅವಳು ಕಲಿತ ಎಲೆಕ್ಟ್ರಿಕಲ್ ಡಿಪ್ಲೊಮಾದಲ್ಲಿ ಇರಬಹುದು ಎಂಬ ಮಾತು ಇರಲಿಲ್ಲ. ಹಗಲೆಲ್ಲ ಫ್ಯಾಕ್ಟರಿಯಲ್ಲಿ ವೈರಿನ ತುದಿಗೆ ಬೆಸುಗೆ ಹಾಕಿ, ಆರೂವರೆಗೆ ಓಡಿಹೋಗಿ ಕಡೆಯ ಬೆಂಚಿನಲ್ಲಿ ಕೂತರೆ ಕಣ್ಣು ಎಳೆಯುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಲೈನು ಎಳೆದು, ಇಲ್ಲಿಂದ ಬಿಟ್ಟದ್ದು ಇಲ್ಲಿ ತಲುಪೇ ತಲುಪುತ್ತದೆ, ಮಧ್ಯದಲ್ಲಿ ಯಾರಿದ್ದಾರೆಂದು ಅದು ಕೇಳುವುದಿಲ್ಲ, ಎಂದಿದ್ದರು. ಹುಡುಗರು ನಕ್ಕಿದ್ದರು. ಅವಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಿದ್ದಳು. ಎಲ್ಲವನ್ನೂ ಬರೆದುಕೊಳ್ಳುವವಳು. ಅವಲಪಲ್ಲಿಯ ಮನೆಯಲ್ಲಿ ಅತ್ತೆ ನಾರಾಯಣಮ್ಮ ಇಂದಿಗೂ ನೆರೆಯವರಿಗೆ ಸೊಸೆ "ಆಫೀಸಿಗೆ" ಹೋಗುತ್ತಾಳೆಂದೇ ಹೇಳುವುದು.

ಹನ್ನೆರಡು ಹತ್ತಕ್ಕೆ ಫೋನು ಬಂತು. ಒಂದೇ ರಿಂಗಿಗೆ ಎತ್ತಿದಳು.

"ಅಮ್ಮಣ್ಣಿ, ವೆಂಕಟೇಶಪ್ಪ. ಮುಗೀತು. ನಮ್ಮ ಆಳುಗಳೆಲ್ಲ ಇಳಿದವ್ರೆ, ಅರ್ತ್ ಚೈನು ಬಿಚ್ಚಿವ್ನಿ. ಎಲ್‌ಸಿ ವಾಪಸ್ ತಗೋ, ಲೈನು ಹಾಕು."

"ಅಣ್ಣ, ಭೈರೇಶ ಆ ಕಡೆ ಹೋಗಿದ್ದ. ನೋಡಿದ್ರಾ?"

"ಯಾರು, ಕಾಂಟ್ರಾಕ್ಟು ಭೈರನಾ? ನಂಗೇನು ಗೊತ್ತು ತಾಯಿ. ನಾನು ಕೆಲಮಂಗ್ಲದ ತುದೀಲಿವ್ನಿ, ಅವನು ಕಾಡ್ನ ತುದೀಲಿ. ನನ್ನ ಎಲ್‌ಸಿ ನಾನು ಕೊಟ್ಟೆ. ಬರ್ಕೋ."

ಬರೆದುಕೊಂಡಳು. ಹನ್ನೆರಡು ಹನ್ನೊಂದು. ವೆಂಕಟೇಶಪ್ಪನ ಹೆಸರಿನ ಎದುರು ಎರಡೂ ಖಾನೆ ತುಂಬಿದವು. ಪುಸ್ತಕದ ಪ್ರಕಾರ ಈಗ ಆ ಲೈನಿನ ಮೇಲೆ ಭೂಮಿಯ ಮೇಲಿನ ಯಾವ ಮನುಷ್ಯನೂ ಇರಲಿಲ್ಲ. ಅವಳು ಪುಟವನ್ನು ಹಿಂದಕ್ಕೆ ಮಗುಚಿದಳು, ಮುಂದಕ್ಕೆ ಮಗುಚಿದಳು. ತನ್ನದೇ ದುಂಡು ಅಕ್ಷರ, ಒಂದು ಚಿತ್ತಿಲ್ಲ. ಈ ಪುಸ್ತಕವನ್ನು ಇಷ್ಟು ಚೊಕ್ಕಟವಾಗಿ ಇಟ್ಟವರು ಈ ಸ್ಟೇಷನ್ನಿನಲ್ಲಿ ಯಾರೂ ಇಲ್ಲ ಎಂದು ಇನ್ಸ್‌ಪೆಕ್ಷನ್ನಿಗೆ ಬಂದವರು ಬರೆದುಹೋಗಿದ್ದರು. ಆ ಚೊಕ್ಕ ಪುಟದಲ್ಲಿ ಇಲ್ಲದ ಒಬ್ಬ, ಇಪ್ಪತ್ತಮೂರು ವರ್ಷದವನು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಂತಿಯ ಪಕ್ಕದಲ್ಲಿ ಕತ್ತಿ ಬೀಸುತ್ತಿರಬಹುದು. ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತ್ ಚೈನು ಸ್ಟೇಷನ್ನಿಗಿದ್ದದ್ದು ಒಂದೇ, ವೆಂಕಟೇಶಪ್ಪ ಒಯ್ದಿದ್ದ. ಅದಾದರೂ ಅವನ ಬಳಿ ಇದ್ದು ತಂತಿಗೆ ಸಿಕ್ಕಿಸಿದ್ದರೆ, ಇಲ್ಲಿ ಬ್ರೇಕರೇ ನಿಲ್ಲುತ್ತಿರಲಿಲ್ಲ, ತಾನೇ ಕರೆಂಟು ಕಡಿದು ಬಿದ್ದುಹೋಗುತ್ತಿತ್ತು. ಈಗ ಅವನಿಗೂ ಕರೆಂಟಿಗೂ ನಡುವೆ ಇದ್ದದ್ದು ಅವಳೊಬ್ಬಳೇ.

ಮತ್ತೆ ಫೋನು. "ಕರೆಂಟು ಯಾವಾಗ ಬಿಡ್ತೀರ? ಕೋಸಿಗೆ ನೀರಿಲ್ಲ." "ಸ್ವಲ್ಪ ಹೊತ್ತು." "ಆಪರೇಟರಿಗೆ ಕೊಡಮ್ಮ." "ನಾನೇ ಆಪರೇಟರು." "ಗಂಡಸ್ರು ಯಾರೂ ಇಲ್ವಾ ಅಲ್ಲಿ?" ಇಟ್ಟಳು. ಮತ್ತೆ ಬಂತು. ಗುಲಾಬಿ ತೋಟದ ಮ್ಯಾನೇಜರು, ಕೋಲ್ಡ್ ರೂಮಿನಲ್ಲಿ ಹೂವಿದೆ ಎಂದ. ಮತ್ತೆ ಬಂತು. ಪ್ರತಿ ಸಲವೂ ಎತ್ತುವಾಗ ಅವಳ ಕೈ, ದೇವರೇ ಅವನಾಗಿರಲಿ, ಎನ್ನುತ್ತಿತ್ತು. ಎತ್ತಿದ ಮೇಲೆ ಬೇರೆಯವರ ದನಿ ಕೇಳಿ ಆ ಬೇರೆಯವರ ಮೇಲೆಯೇ ಸಿಟ್ಟು ಬರುತ್ತಿತ್ತು. ಜೊತೆಗೆ, ತಾನು ಫೋನಿನಲ್ಲಿ ಮಾತಾಡುತ್ತಿರುವಾಗಲೇ ಅವನು ಅತ್ತ ಪ್ರಯತ್ನಿಸುತ್ತಿದ್ದರೆ?

ಹನ್ನೆರಡು ಇಪ್ಪತ್ತೈದಕ್ಕೆ ಎಇ. "ಎನ್ನಮ್ಮಾ ಭಾನು, ಎಲ್‌ಸಿ ವಾಪಸ್ ಬಂದು ಕಾಲು ಗಂಟೆ ಆಯ್ತಂತೆ. ಯಾಕೆ ಹಾಕಿಲ್ಲ?"

ಹೇಳಬೇಕಾದ ವಾಕ್ಯ ಅವಳ ನಾಲಿಗೆಯ ಮೇಲೆಯೇ ಇತ್ತು. ಸಾರ್, ಇನ್ನೊಬ್ಬ ಇದ್ದಾನೆ, ನಾನು ಬರೆದಿಲ್ಲ. ಐದೇ ಮಾತು. ಆ ಮಾತಿನ ಆಚೆ ಚಾರ್ಜ್‌ಮೆಮೊ ಇತ್ತು, ವಿಚಾರಣೆ ಇತ್ತು, ಭೈರೇಶನ ಕೂಲಿಯೂ ಹೋಗುವುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ನಗು ಇತ್ತು: ಬುಕ್ಕಮ್ಮನೇ ಬುಕ್ಕಿನಲ್ಲಿ ಬರೆದಿಲ್ಲವಂತೆ. "ಸಾರ್, ಬ್ರೇಕರ್ ನಿಲ್ತಾ ಇಲ್ಲ. ಸ್ಪ್ರಿಂಗ್ ಏರ್ತಾ ಇಲ್ಲ ಸಾರ್" ಎಂದಳು. ಸುಳ್ಳು ಇಷ್ಟು ಸಲೀಸಾಗಿ, ಇಷ್ಟು ತಾಂತ್ರಿಕವಾಗಿ ಬಂದದ್ದು ಕಂಡು ಅವಳೇ ಬೆಚ್ಚಿದಳು.

ಅತ್ತ ಒಂದು ನಿಟ್ಟುಸಿರು. "ಸರಿ. ಮುನಿಯಲ್ಲಪ್ಪನ್ನ ಕಳಿಸ್ತೀನಿ. ನೀನು ಏನೂ ಮುಟ್ಟಬೇಡ." ಆ ಬೇಡ ಎಂಬ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಗುವಿನ ಕೈಯಿಂದ ಗಾಜಿನ ಲೋಟ ತೆಗೆದುಕೊಳ್ಳುವ ತಾಳ್ಮೆ ಇತ್ತು.

ಕಾಲು ಗಂಟೆ ಸಿಕ್ಕಿತು. ಆ ಕಾಲು ಗಂಟೆಯಲ್ಲಿ ಅವಳು ಭೈರೇಶನ ನಂಬರು ಹನ್ನೊಂದು ಸಲ ಒತ್ತಿದಳು. ಕಾಂಟ್ರಾಕ್ಟಿನ ಸೂಪರ್‌ವೈಸರಿಗೆ ಮಾಡಿದಳು, ರಿಂಗಾಗಿ ನಿಂತಿತು. ಗೇಟಿಗೆ ಓಡಿ ಅಂಗಡಿ ಕಟ್ಟೆಯವರನ್ನು, "ಯಾರಾದ್ರೂ ಗಾಡೀಲಿ ಕಾಡಂಚಿಗೆ ಹೋಗಿ ನೋಡ್ಕೊಂಡು ಬರ್ತೀರಾ?" ಎಂದು ಕೇಳಿದಳು. ಹನ್ನೆರಡು ಕಿಲೋಮೀಟರು. ಪೇಪರು ಓದುತ್ತಿದ್ದವನು, "ನೆನ್ನೆ ಆನೆ ಇಳಿದಿತ್ತಂತೆ ಕಣಮ್ಮ ಅಲ್ಲಿ. ಯಾಕೆ, ಏನಾಯ್ತು?" ಎಂದ. ಏನೂ ಇಲ್ಲ ಎಂದು ವಾಪಸಾದಳು. ಒಳಗೆ ಮತ್ತೆ ಫೋನು ಬಡಿದುಕೊಳ್ಳುತ್ತಿತ್ತು. ಕೋಸಿನವನೇ.

ಮುನಿಯಲ್ಲಪ್ಪ ಮೊಪೆಡ್ಡನ್ನು ನೆರಳಿಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದ. ರಿಟೈರಾಗಲು ಏಳು ತಿಂಗಳಿದ್ದ, ಬೆಳಗ್ಗೆ ಅವಳು ಬರುವ ಹೊತ್ತಿಗೆ ರಾತ್ರಿಪಾಳಿ ಮುಗಿಸಿ ಕುರ್ಚಿ ಒರೆಸಿಟ್ಟು ಹೋಗುವ ಮನುಷ್ಯ. ನಿದ್ದೆಯಿಂದ ಎಬ್ಬಿಸಿದ್ದರು, ಕಣ್ಣು ಕೆಂಪಗಿದ್ದವು. ಪ್ಯಾನಲ್ಲಿನ ಮುಂದೆ ನಿಂತು ಒಂದು ಗುಂಡಿ ಒತ್ತಿದ. ಒಳಗೆ ಮೋಟಾರು ಗರಗರ ತಿರುಗಿ ಸ್ಪ್ರಿಂಗು ಕಟಕ್ಕನೆ ಕೂತಿತು. ಹಳದಿ ಗುರುತು ಬಂತು. ಅವನು ತಿರುಗಿ ಅವಳನ್ನು ನೋಡಿದ. ಅವಳು ನೆಲ ನೋಡಿದಳು.

"ಸರಿಯಾಗೇ ಐತಲ್ಲಮ್ಮ."

"ಅಣ್ಣ, ಭೈರೇಶ ಕೊಂಬೆ ಕಡಿಯಕ್ಕೆ ಹೋಗವ್ನೆ. ನಾನು ಬರ್ದಿಲ್ಲ."

ಅವನು ಮೇಜಿನ ಅಂಚಿಗೆ ಕೂತು ಮುಖ ಒರೆಸಿಕೊಂಡ. ಬೈದಿದ್ದರೆ ಅವಳಿಗೆ ಒಂದು ದಾರಿ ಸಿಗುತ್ತಿತ್ತು. "ಎಷ್ಟೊತ್ತಿಗೆ ಹೋದ?" ಎಂದ.

"ಎಂಟೂ ಮುಕ್ಕಾಲು."

"ನಾಲ್ಕು ಗಂಟೆ ಹೊತ್ತು ಒಂದು ಕೊಂಬೆ ಕಡೀತಾನಾ ಅವನು? ಎಲ್ಲೋ ಹುಣಸೆ ಮರದ ಕೆಳಗೆ ಬಿದ್ಕೊಂಡಿರ್ತಾನೆ. ಮೂವತ್ತೊಂದು ವರ್ಷ ನೋಡಿವ್ನಿ ಈ ಹುಡುಗ್ರನ್ನ. ಫೋನೇನಾರ ಮಾಡಿದ್ನಾ?"

ಆಗ ಅವಳು ಅದನ್ನು ಹೇಳಿದಳು. ಹೇಳಬಾರದಿತ್ತು. ತಾನು ಪಿಳ್ಳಮ್ಮನ ಮನೆಗೆ ಹೋಗಿದ್ದಾಗ ಒಂದು ಫೋನು ಬಂದಿತ್ತು, ಬರುವಷ್ಟರಲ್ಲಿ ನಿಂತಿತು, ಎಂದಳು. ಹೇಳುವಾಗ ಪಿಳ್ಳಮ್ಮನ ಮನೆಗೆ ಯಾಕೆ ಎಂಬುದನ್ನು ಅವನು ಊಹಿಸಿ ಮುಖ ಪಕ್ಕಕ್ಕೆ ಹೊರಳಿಸಿದ್ದನ್ನೂ ಕಂಡಳು.

"ನೋಡು, ಅದೇ ಅವನು. ಮುಗೀತು ಅನ್ನಕ್ಕೆ ಮಾಡವ್ನೆ, ನೀನಿರ್ನಿಲ್ಲ. ಇನ್ಯಾರಿರ್ತಾರೆ ಆ ಹೊತ್ನಾಗೆ?"

"ಬೇರೆ ಯಾರಾದ್ರೂ ಇರಬಹುದಲ್ಲಣ್ಣ. ಒಂದು ಅರ್ಧ ಗಂಟೆ—"

"ಅರ್ಧ ಗಂಟೆಗೆ ನಾನು ಎಇಗೆ ಏನು ಹೇಳ್ಲಿ? ಬ್ರೇಕರು ಸರಿಯಾಗೈತೆ ಅಂದ್ರೆ ನೀನು ಸುಳ್ಳು ಹೇಳ್ದೆ ಅಂತಾಯ್ತು. ಇನ್ನೊಬ್ಬ ಲೈನಲ್ಲವ್ನೆ ಅಂದ್ರೆ, ಬುಕ್ಕೆಲ್ಲಿ ಅಂತಾರೆ. ನಿನ್ನ ಕೆಲ್ಸ ಹೋಯ್ತದೆ, ಆ ಹುಡುಗಂದೂ ಹೋಯ್ತದೆ. ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣಮ್ಮ." ಅವನು ಎದ್ದು ಕೆಂಪು ಹಲಗೆಯನ್ನು ತೆಗೆದು ಮೇಜಿನ ಮೇಲೆ ಮೆಲ್ಲಗೆ ಮಗುಚಿಟ್ಟ. ಅಷ್ಟರಲ್ಲಿ ಫೋನು ಬಂತು. ಅವನೇ ಎತ್ತಿದ. "ಆ ಸಾರ್. ಆಯ್ತು ಸಾರ್. ಈಗ್ಲೇ ಸಾರ್." ಇಟ್ಟು ಅವಳ ಕಡೆ ತಿರುಗಿದ. "ನೀನೇ ಹಾಕು."

"ನಾನಾ?"

"ನಾನು ಹಾಕಿದ್ರೆ ನಾಳೆ, ಆಯಮ್ಮನ ಕೈಲಾಗ್ದೆ ಮುನಿಯಲ್ಲಪ್ಪ ಬಂದು ಹಾಕ್ದ ಅಂತಾರೆ. ನಿನ್ನ ಶಿಫ್ಟು, ನಿನ್ನ ಕೈಲೇ ಆಗ್ಲಿ. ಹಾಕಮ್ಮ, ಏನಾಗಲ್ಲ."

ಅದು ಕರುಣೆ. ಅವಳು ಆಮೇಲೆ ಎಷ್ಟು ಸಲ ಆ ಗಳಿಗೆಯನ್ನು ತಿರುವಿಹಾಕಿದರೂ ಅಲ್ಲಿ ಕರುಣೆ ಬಿಟ್ಟು ಬೇರೇನೂ ಕಾಣಲಿಲ್ಲ. ಕುತ್ತಿಗೆ ಹಿಡಿದು ದೂಡಿದ್ದರೆ ತಿರುಗಿ ನಿಲ್ಲಬಹುದಿತ್ತು. ಅವನು ತಂದೆಯ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟುಕೊಟ್ಟಿದ್ದ. ಅವಳ ಕೈ ಮೇಲೆದ್ದು ಬ್ರೇಕರಿನ ಹಿಡಿಯ ಮೇಲೆ ಕೂತಿತು. ತಣ್ಣಗಿತ್ತು. ಎರಡು ವರ್ಷದ ಹಿಂದೆ ಮೊದಲ ದಿನ ಇದೇ ಹಿಡಿಯನ್ನು ತಿರುಗಿಸಿದಾಗ, ತನ್ನ ಮಣಿಕಟ್ಟಿನ ಒಂದು ತಿರುವಿಗೆ ಎಂಟು ಊರಿನ ಮೋಟಾರುಗಳು ಎದ್ದು ನೀರು ಕಕ್ಕುತ್ತವೆ ಎಂದು ಮೈ ಜುಮ್ಮೆಂದಿತ್ತು. ಅದೇ ಊರುಗಳು, ಅದೇ ಮಣಿಕಟ್ಟು. ಅದು ಅವನೇ, ಫೋನು ಮಾಡಿದ್ದು ಅವನೇ, ಅವನೇ ಎಂದುಕೊಳ್ಳುತ್ತ ಕಣ್ಣು ಮುಚ್ಚದೆ ತಿರುಗಿಸಿದಳು. ಬ್ರೇಕರು ಢಂ ಎಂದಿತು. ಲೈನಿಗೆ ಕರೆಂಟು ಹೋಯಿತೆಂದು ಹೇಳುವ ಕೆಂಪು ದೀಪ ಹತ್ತಿತು. ಆಂಪಿಯರ್ ಮೀಟರಿನ ಮುಳ್ಳು ನಡುಗಿ, ಏರಿ, ಎಪ್ಪತ್ತರ ಹತ್ತಿರ ನಿಂತಿತು.

"ನಿಂತ್ಕೊಂತು ನೋಡು" ಎಂದ ಮುನಿಯಲ್ಲಪ್ಪ. "ಏನಾರ ಆಗಿದ್ರೆ ಬೀಳ್ತಿತ್ತು."

ಬೀಳಲೇಬೇಕೆಂದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮನುಷ್ಯನೊಬ್ಬನ ಮೈ ಈ ಮುಳ್ಳಿಗೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಒಂದು ಮಿಕ್ಸಿ ಹಾಕಿದಷ್ಟೂ ಕಾಣುವುದಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು, ಊಟ ಮಾಡಮ್ಮ ಎಂದು ಹೇಳಿ ಹೋದ.

ಅವಳು ಊಟ ಮಾಡಲಿಲ್ಲ. ಪ್ಯಾನಲ್ಲಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಇನ್ನು ಬರುವ ಫೋನು ಬೇರೆ ಥರದ್ದು. ಮೊದಲು ಯಾರೋ ದನ ಕಾಯುವವನು ನೋಡುತ್ತಾನೆ. ಊರಿಗೆ ಓಡುತ್ತಾನೆ. ಒಂದು ರೂಪಾಯಿ ಹಾಕುತ್ತಾನೆ. ಎಲ್ಲಕ್ಕೂ ಒಟ್ಟು ಎಷ್ಟು ಹೊತ್ತು ಬೇಕು? ಮುಕ್ಕಾಲು ಗಂಟೆ? ಒಂದೂವರೆಯಾಯಿತು, ಬರಲಿಲ್ಲ. ಬರದಿದ್ದರೆ ಒಳ್ಳೆಯದೋ, ಇನ್ನೂ ಯಾರೂ ನೋಡಿಲ್ಲವೋ. ಎರಡಕ್ಕೆ ಡ್ಯೂಟಿ ಮುಗಿಯಬೇಕಿತ್ತು. ಮುಂದಿನ ಪಾಳಿಯವನು ಮಗಳ ಸ್ಕೂಲಿಗೆ ಹೋಗಿ ನಾಲ್ಕಕ್ಕೆ ಬರುತ್ತೇನೆಂದು ನಿನ್ನೆಯೇ ಹೇಳಿದ್ದ. ಎರಡೂ ಹತ್ತಕ್ಕೆ ಫೋನು ಬಡಿದುಕೊಂಡಿತು. ಎಇ.

"ಭಾನು, ಕೇಳು. ತಪ್ಪು ತಿಳ್ಕೋಬೇಡ. ನಾಳೆಯಿಂದ ಕೆಲಮಂಗಲ ಆಫೀಸಲ್ಲಿ ಕಂಪ್ಲೇಂಟ್ ಕೌಂಟರ್ ನೋಡ್ಕೋ. ಹಗಲು ಡ್ಯೂಟಿ, ಫ್ಯಾನ್ ಇದೆ, ಬಾತ್‌ರೂಮ್ ಇದೆ. ಬ್ರೇಕರ್ ಚೆನ್ನಾಗಿದ್ದೂ ಕೆಟ್ಟಿದೆ ಅಂತೀಯ, ಗಾಬರಿ ಬೀಳ್ತೀಯ. ಇದು ಲೇಡೀಸ್‌ಗೆ ಆಗೋ ಕೆಲಸ ಅಲ್ಲಮ್ಮ. ಮುನಿಯಲ್ಲಪ್ಪನೇ ಬೆಳಗಿನ ಪಾಳಿ ತಗೊಳ್ತಾನೆ."

"ಆಯ್ತು ಸಾರ್" ಎಂದಳು. ಅಷ್ಟೇ. ಇದಕ್ಕಾಗಿ ಎಷ್ಟು ಸಂಜೆ ಕಾಲೇಜು, ಎಷ್ಟು ಬಸ್ಸು. ಆದರೂ ಆ ಹೊತ್ತಿಗೆ ನೋವಾಗಬೇಕಾದ ಜಾಗದಲ್ಲಿ ಏನೂ ಆಗಲಿಲ್ಲ. ಅವಳ ಕಿವಿ ಬೇರೊಂದು ಫೋನಿಗೆ ಕಾದಿತ್ತು.

ಮೂರೂಕಾಲಿಗೆ ಗೇಟಿನಲ್ಲಿ ಟಿವಿಎಸ್ ಸದ್ದು. ಈ ಸಲ ಎಂಜಿನ್ ಆರಿತು. ಭೈರೇಶ ತಲೆಗೂದಲಲ್ಲಿ ನೀಲಗಿರಿ ಎಲೆ ಸಿಕ್ಕಿಸಿಕೊಂಡು, ಅಂಗಿಯ ತೋಳು ಹರಿದು, ಬಾಗಿಲಲ್ಲಿ ನಿಂತಿದ್ದ.

"ನೀರು ಕೊಡಕ್ಕ ಮೊದ್ಲು." ಅವಳ ಬಾಟಲಿಯನ್ನು ಅವನೇ ಎತ್ತಿ ಗಟಗಟ ಕುಡಿದ. "ಸತ್ತು ಬಂದಿವ್ನಿ ಕಣಕ್ಕ. ಬೆಳಿಗ್ಗೆ ಆನೆ ನಿಂತಿತ್ತು ದಾರೀಲಿ, ಅದು ಹೋಗೋಗಂಟ ಕಾದು, ಕಂಬ ಹತ್ತಿದ್ದೇ ಹನ್ನೊಂದೂವರೆಗೆ. ಅರ್ಧ ಕೊಂಬೆ ಕಡಿದಿದ್ದೆ. ಕತ್ತಿ ಕೈಜಾರಿ ಕೆಳಗೆ ಬಿದ್ದೋಯ್ತು. ಅದರಮ್ಮನ್ ಅಂತ ಬೈಕೊಂಡು ಇಳಿದು, ಪೊದೆಯಾಗೆ ಹುಡುಕ್ತಾ ಬಗ್ಗಿವ್ನಿ, ಮೇಲೆ ತಂತಿ ಗುಂಯ್ ಅಂತು."

"ಹನ್ನೆರಡಕ್ಕೆ ಮುಂಚೆ ಇಲ್ಲಿಗೆ ಫೋನ್ ಮಾಡಿದ್ಯಾ?"

"ಇಲ್ಲವಲ್ಲ. ಕಂಬದ ಮೇಲಿದ್ನಲ್ಲ. ಯಾಕಕ್ಕ?"

ಅವನು ಅವಳ ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಬಾಟಲಿಯ ಮುಚ್ಚಳವನ್ನು ಸುಮ್ಮನೆ ಅತ್ತಿತ್ತ ತಿರುಗಿಸುತ್ತಿದ್ದ. "ಬೇರೆ ಯಾರಾನ ಡ್ಯೂಟೀಲಿದ್ದಿದ್ರೆ ನಾನು ಕಂಬ ಹತ್ತಕ್ಕೇ ಹೋಯ್ತಿರ್ಲಿಲ್ಲ ಕಣಕ್ಕ. ತಡ ಆಗೋಯ್ತು ಅಂತ ವಾಪಸ್ ಬಂದ್ಬುಡ್ತಿದ್ದೆ. ನೀನಿದ್ದೀಯಲ್ಲ, ನಾನು ಹೇಳೋಗಂಟ ಹಾಕಲ್ಲ, ಪ್ರಪಂಚ ಮುಳುಗಿದ್ರೂ ಹಾಕಲ್ಲ, ಅಂತ ಧೈರ್ಯವಾಗಿ ಹತ್ತಿದ್ದು. ಯಾರಕ್ಕ ಬಂದು ಹಾಕಿದ್ದು? ಮುನಿಯಲ್ಲಣ್ಣನಾ?"

ಟ್ರಾನ್ಸ್‌ಫಾರ್ಮರಿನ ಗುಂಗು ಗೋಡೆಯೊಳಗಿಂದ ಬರುತ್ತಿತ್ತು. ಇಲ್ಲ, ನಾನೇ, ಈ ಕೈಯಲ್ಲೇ, ಎಂದರೆ ಅವನು ಮುಂದೆ ಯಾರ ಬಾಯಿಮಾತನ್ನೂ ನಂಬಿ ಕಂಬ ಹತ್ತುವುದಿಲ್ಲ. ಅದು ಅವನಿಗೆ ಒಳ್ಳೆಯದೇ. ಅದನ್ನೇ ಹೇಳಲು ಬಾಯಿ ತೆರೆದಳು.

"ಹ್ಞೂಂ" ಎಂದಳು. "ಮುನಿಯಲ್ಲಣ್ಣ."

"ಅದಕ್ಕೇ ಮತ್ತೆ. ನಿನ್ನ ಮಾತು ಯಾರು ಕೇಳ್ತಾರೆ ಇಲ್ಲಿ." ಅವನ ಮುಖ ಸಡಿಲವಾಯಿತು. ಅವನು ಅಷ್ಟು ಹೊತ್ತು ಹೆದರಿದ್ದು ಕರೆಂಟಿಗಲ್ಲ, ಈ ಉತ್ತರಕ್ಕೆ ಎಂಬಂತೆ ಎದ್ದು ಮೈ ಕೊಡವಿಕೊಂಡ. "ಅರ್ಧ ಕೊಂಬೆ ನೇತಾಡ್ತೈತೆ, ತಂತಿ ಮ್ಯಾಲೆ ಬೀಳೋಕೆ ಮುಂಚೆ ಕಡೀಬೇಕು. ನಾಳೆ ಬೆಳಿಗ್ಗೆ ನಿಂದೇ ಅಲ್ವಾ ಡ್ಯೂಟಿ?"

"ನಾಳೆ ನಾನಿರಲ್ಲ ಭೈರೇಶ."

"ರಜಾನಾ? ಹಂಗಾದ್ರೆ ನೀನು ಬರೋಗಂಟ ಆ ಕಂಬ ಮುಟ್ಟಲ್ಲ ಬಿಡು."

ನಾನು ಇನ್ನು ಇಲ್ಲಿಗೆ ಬರುವುದೇ ಇಲ್ಲ ಎಂದು ಅವಳು ಹೇಳಲಿಲ್ಲ. ಹೇಳದಿದ್ದರೆ ಅವನು ಕಾಯುತ್ತಾನೆ, ಕಾಯುವಷ್ಟು ದಿನ ನೆಲದ ಮೇಲಿರುತ್ತಾನೆ, ಎಂದು ಲೆಕ್ಕ ಹಾಕಿದಳು. ಅವನಿಗೆ ಮಾಡಬಹುದಾದದ್ದು ಇನ್ನು ಅಷ್ಟೇ ಉಳಿದಿತ್ತು. ಅವನು ಗೇಟು ದಾಟುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಾಡಿಯ ಮೇಲೆ ಕೂತೇ ಕಿವಿಗಿಟ್ಟುಕೊಂಡ. "ಆ ಸೂಪ್ರವೈಜರ್ ಸಾರ್... ಇಲ್ಲ ಸಾರ್, ಅರ್ಧ ಆಗೈತೆ... ನಾಳೇನೇ ಕಡೀಬೇಕಾ?" ಒಂದು ಸಲ ಕಂಟ್ರೋಲ್ ರೂಮಿನ ಕಿಟಕಿಯ ಕಡೆ ತಿರುಗಿ ನೋಡಿದ. ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅವನು ನಕ್ಕು, ಏನು ಮಾಡೋದು ಎಂಬಂತೆ ಭುಜ ಕುಣಿಸಿ, ಫೋನಿಗೆ, "ಆಯ್ತು ಸಾರ್" ಎಂದ. ಮಧ್ಯಾಹ್ನ ಎಇಗೆ ಅವಳು ಎಂದಂತೆಯೇ.